ಒಂದೊಂದಕ್ಕೂ ನಾಲ್ಕು ದಿನ

ಅವಳಿಗೆ ಗುಬ್ಬಿ ಅಂತ ಅಡ್ಡಹೆಸರಿಟ್ಟ ಪುಣ್ಯಾತ್ಮರು ಅವಳನ್ನು ಎಂಟನೇ ತಿಂಗಳಲ್ಲಿ ನೋಡಿರಲಿಲ್ಲ, ಪಾಪ. ಲಾಂಡ್ರಿಯ ಕೌಂಟರಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ನೇರ ಬಂದರೂ ಹೊಟ್ಟೆ ಸಿಕ್ಕಿಕೊಳ್ಳುತ್ತಿತ್ತು, ಅಡ್ಡ ತಿರುಗಿ ಬಂದರೂ ಸಿಕ್ಕಿಕೊಳ್ಳುತ್ತಿತ್ತು. ಕೊನೆಗೆ ಅವಳ ಗಂಡ ಒಂದು ಭಾನುವಾರ ಕೌಂಟರನ್ನೇ ಒಂದು ಗೇಣು ಮುಂದಕ್ಕೆ ಎಳೆದ. "ಇನ್ನೊಂದು ತಿಂಗಳಿಗೆ ಇದನ್ನ ಬೀದಿಗೇ ತಳ್ಳಬೇಕಾಗುತ್ತೆ ನೋಡು," ಅಂದ. ಗಂಡ ಅದೇ ಲಾಂಡ್ರಿಯ ಇಸ್ತ್ರಿಯವನು. ಎಂಟು ವರ್ಷ ಅಲ್ಲೇ ಇಸ್ತ್ರಿ ಮಾಡಿ ಒಡತಿಯ ಮಗಳನ್ನೇ ಮದುವೆಯಾದವನು. ಶರ್ಟಿನ ಕಾಲರಿನ ಬಗ್ಗೆ ಕೇಳಿದರೆ ಗಂಟೆಗಟ್ಟಲೆ ಮಾತಾಡುತ್ತಾನೆ, ಮಿಕ್ಕ ಯಾವ ವಿಷಯಕ್ಕೂ "ಅಮ್ಮನ್ನ ಕೇಳು" ಅನ್ನುತ್ತಾನೆ. ಒಳ್ಳೆಯವನೇ, ಇಲ್ಲ ಅನ್ನೋಕಾಗಲ್ಲ.

ಅಮ್ಮ ಅಂದರೆ ಗುಬ್ಬಿಯ ಅಮ್ಮ, ಲಾಂಡ್ರಿಯ ಒಡತಿ. ಗುಬ್ಬಿ ಹುಟ್ಟುವ ಮೊದಲಿನಿಂದಲೂ ಊರಿನ ಎರಡು ಹೋಟೆಲುಗಳ ಹಾಸಿಗೆ ಬಟ್ಟೆ, ಒಂದು ಶಾಲೆಯ ಸಮವಸ್ತ್ರ, ಆಫೀಸುಗಳಿಗೆ ಹೋಗುವವರ ಅಂಗಿ, ಎಲ್ಲ ಅವಳ ಕೈಮೇಲೇ ಹೋಗುತ್ತಿತ್ತು. ಬಟ್ಟೆಯ ಮೇಲಿನ ಕಲೆಯನ್ನು ಮೂಸಿ ನೋಡಿ ಇದು ಇಂಥದ್ದು, ಬಿದ್ದು ಇಷ್ಟು ದಿನವಾಯಿತು ಅಂತ ಹೇಳಿಬಿಡುತ್ತಿದ್ದಳು. ಅವಳಿಗೆ ಒಂದು ಪದ್ಧತಿಯಿತ್ತು. ಕಲೆಗೆ ಒಂದು ಸಲಕ್ಕೆ ಒಂದೇ ಔಷಧಿ. ಹಚ್ಚಬೇಕು, ಒಣಗಿಸಬೇಕು, ನೋಡಬೇಕು. ಹೋಗದಿದ್ದರೆ ಆಮೇಲಷ್ಟೇ ಇನ್ನೊಂದು. ಎರಡನ್ನೂ ಒಟ್ಟಿಗೆ ಸುರಿದರೆ ಕಲೆಯ ಜೊತೆ ಬಟ್ಟೆಯೂ ಹೋಗುತ್ತೆ, ಯಾವುದರಿಂದ ಹೋಯ್ತು ಅನ್ನೋದೂ ತಿಳಿಯಲ್ಲ ಅನ್ನುತ್ತಿದ್ದಳು.

ಈ ಪದ್ಧತಿ ಬಟ್ಟೆಯಿಂದ ಮನುಷ್ಯರಿಗೂ ಇಳಿದಿತ್ತು. ಒಗೆಯುವ ಹೆಂಗಸರಲ್ಲಿ ಯಾರಿಗಾದರೂ ಕೈ ತುರಿಸಿದರೆ, ಕೈ ಒಡೆದರೆ, ಅಮ್ಮ ಅವರ ತೊಟ್ಟಿಯಿಂದ ಒಂದೊಂದೇ ಪುಡಿ ತೆಗೆಸುತ್ತಿದ್ದಳು. ಒಂದೊಂದಕ್ಕೂ ನಾಲ್ಕು ದಿನ. ಹೀಗೆ ಮೂವರ ಕೈ ಗುಣವಾಗಿತ್ತು. ಆ ಮೂವರೂ ಅಮ್ಮನನ್ನು ಡಾಕ್ಟರಿಗಿಂತ ಮೇಲು ಅಂತ ಊರೆಲ್ಲ ಹೇಳಿಕೊಂಡು ಓಡಾಡಿದ್ದರು. ಅಮ್ಮನೂ ಅದನ್ನು ನಂಬಿಬಿಟ್ಟಿದ್ದಳೋ ಏನೋ, ಯಾರಿಗೆ ಗೊತ್ತು.

ಗುಬ್ಬಿಗೆ ಅಂಗೈ ತುರಿಸಲು ಶುರುವಾದದ್ದು ಮೂವತ್ತನಾಲ್ಕನೇ ವಾರದಲ್ಲಿ. ಆಗ ಏನೂ ಅನ್ನಿಸಲಿಲ್ಲ. ಅದಕ್ಕಿಂತ ದೊಡ್ಡ ದೊಡ್ಡ ಕಾಟಗಳು ಆಗಲೇ ಸಾಲುಗಟ್ಟಿ ನಿಂತಿದ್ದವು. ಸೊಂಟ ನೋಯುತ್ತಿತ್ತು. ಎದೆ ಉರಿಯುತ್ತಿತ್ತು. ಮಲಗಿದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಯಾವುದು ಸುಮ್ಮನಿರಬೇಕಾದ ನೋವು, ಯಾವುದು ಓಡಬೇಕಾದ ನೋವು ಅಂತ ಬೇರೆ ಮಾಡೋದು ಹೇಗೆ ಹೇಳಿ? ಆಸ್ಪತ್ರೆಯಿಂದ ಕೊಟ್ಟ ಚೀಟಿಯನ್ನು ಅವಳು ಕನ್ನಡಿಗೆ ಅಂಟಿಸಿಕೊಂಡಿದ್ದಳು. ರಕ್ತ ಹೋದರೆ, ನೀರು ಹೋದರೆ, ತಲೆನೋವು ಬಂದು ಕಣ್ಣು ಮಂಜಾದರೆ, ಮಗು ಆಡೋದು ಕಡಿಮೆಯಾದರೆ ಕೂಡಲೇ ಫೋನ್ ಮಾಡಿ ಅಂತ ಅದರಲ್ಲಿತ್ತು. ಅಂಗೈ ತುರಿಸಿದರೆ ಅಂತ ಎಲ್ಲೂ ಇರಲಿಲ್ಲ. ಹಿಂದೆ ತಿರುಗಿಸಿ ನೋಡಿದಳು, ಅಲ್ಲೂ ಇರಲಿಲ್ಲ.

ಮತ್ತೆ ಅವಳು ಆಗಲೇ ಎರಡು ಸಲ ಆಸ್ಪತ್ರೆಗೆ ಓಡಿ ಮಾನ ಕಳೆದುಕೊಂಡವಳು. ಮೊದಲ ಸಲ ಹೊಟ್ಟೆ ಕಲ್ಲಿನ ಹಾಗೆ ಬಿಗಿದುಕೊಂಡಿತು ಅಂತ ಓಡಿದಳು. ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಬಿಗಿತವೂ ಇಲ್ಲ, ಏನೂ ಇಲ್ಲ. "ಇದು ಬರೀ ತಾಲೀಮು ನೋವು," ಅಂತ ನರ್ಸಮ್ಮ ಬೆನ್ನು ತಟ್ಟಿ ಕಳಿಸಿದಳು. ಎರಡನೇ ಸಲ ನಡೆದದ್ದನ್ನು ನೆನೆಸಿಕೊಂಡರೆ ಗುಬ್ಬಿಗೆ ಇವತ್ತಿಗೂ ಕಿವಿ ಬಿಸಿಯಾಗುತ್ತೆ. ಕೌಂಟರಿನಲ್ಲಿ ಕೂತಿದ್ದಾಗ ಬಟ್ಟೆ ಒದ್ದೆಯಾಯಿತು, ನೀರು ಒಡೆಯಿತು ಅಂತ ಗಂಡನನ್ನು ಎಳೆದುಕೊಂಡು ಹೋದಳು. ಅದೇ ನರ್ಸಮ್ಮ ಪರೀಕ್ಷೆ ಮಾಡಿದಳು, ಮುಖ ಒಂಥರಾ ಮಾಡಿದಳು, ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ಮೂಸಿ ನೋಡಿದಳು. "ಏನಮ್ಮಾ ಇದು, ಗಂಜಿ ನೀರಲ್ವಾ?" ಅಂದಳು. ಇಸ್ತ್ರಿ ಮೇಜಿನ ಗಂಜಿ ಬಾಟಲಿ ಸೋರಿ ಕುರ್ಚಿಗೆ ಇಳಿದಿತ್ತು. ವಾರ್ಡಿನವರೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಗಂಡನೂ ನಕ್ಕ, ದ್ರೋಹಿ. ಗುಬ್ಬಿಯೂ ನಕ್ಕಳು. ಮನೆಗೆ ಬಂದು ಬಚ್ಚಲಲ್ಲಿ ಕೂತು ಅತ್ತಳು.

ಹಾಗಾಗಿ ಅಂಗೈ ತುರಿಸಿದಾಗ ಅವಳು ಹೇಳಿದ್ದು ಅಮ್ಮನಿಗೆ.

ಅಮ್ಮ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ಗುಳ್ಳೆ ಇರಲಿಲ್ಲ, ಕೆಂಪಾಗಿರಲಿಲ್ಲ, ಒಡೆದಿರಲಿಲ್ಲ. ತುರಿಸಿಕೊಂಡ ಗೆರೆಗಳಷ್ಟೇ ಇದ್ದವು. "ಬ್ಲೀಚಿಂಗ್ ಪೌಡರು," ಅಂದಳು. "ಹೋಟೆಲಿನ ದುಪ್ಪಟಿ ಎಣಿಸಿದ್ದು ನೀನೇ ತಾನೇ? ನಾಳೆಯಿಂದ ಮುಟ್ಟಬೇಡ. ನಾಲ್ಕು ದಿನ ನೋಡೋಣ."

ನಾಲ್ಕು ದಿನ ನೋಡಿದರು. ಗುಬ್ಬಿ ಹೋಟೆಲ್ ಬಟ್ಟೆಯ ಹತ್ತಿರವೂ ಸುಳಿಯಲಿಲ್ಲ. ತುರಿಕೆ ಹೋಗಲಿಲ್ಲ. ಹಗಲು ಹೇಗೋ ಸಾಗುತ್ತಿತ್ತು, ಮಲಗಿದರೆ ಮಾತ್ರ ಅಂಗೈಯೊಳಗೆ ಇರುವೆ ಬಿಟ್ಟ ಹಾಗಾಗುತ್ತಿತ್ತು. ತುರಿಸಿದಷ್ಟೂ ಆಳಕ್ಕೆ ಹೋಗುತ್ತಿತ್ತು. "ಹಾಗಾದರೆ ಸೋಪಿನ ಪುಡಿ," ಅಂದಳು ಅಮ್ಮ, ಒಂದಿಷ್ಟೂ ಬೇಜಾರಿಲ್ಲದೆ. ಒಂದು ತಪ್ಪಿತು ಅಂದರೆ ಇನ್ನೊಂದು ಹತ್ತಿರವಾಯಿತು ಅಂತಲೇ ಅವಳ ಲೆಕ್ಕ. ಗುಬ್ಬಿ ತೊಟ್ಟಿಗಳ ಕಡೆಗೇ ಹೋಗದ ಹಾಗಾಯಿತು, ಕೈಗೆ ರಬ್ಬರ್ ಗ್ಲೌಸ್ ಬಂತು. ಗ್ಲೌಸ್ ಹಾಕಿಕೊಂಡು ರಸೀದಿ ಬರೆಯುತ್ತಿದ್ದ ಅವಳನ್ನು ನೋಡಿ ಬಂದವರೆಲ್ಲ ಕೇಳಿದರು, ಕೇಳಿದವರೆಲ್ಲ ಒಂದೊಂದು ಸಲಹೆ ಬಿಟ್ಟು ಹೋದರು. ಶರ್ಟು ಕೊಡಲು ಬಂದ ಬ್ಯಾಂಕಿನವರು ಶಾಖ ಅಂದರು. ನಿವೃತ್ತ ಟೀಚರಮ್ಮ, "ಚರ್ಮ ಹಿಗ್ಗುತ್ತೆ ಕಣಮ್ಮಾ, ನನಗೆ ನಾಲ್ಕು ಹೆರಿಗೆ ಆಗಿದೆ, ನನಗೆ ಗೊತ್ತಿಲ್ವಾ," ಅಂದರು. ಹೊಟ್ಟೆಯ ಚರ್ಮ ಹಿಗ್ಗೋದು ಸರಿ, ಅಂಗೈ ಯಾಕೆ ಹಿಗ್ಗುತ್ತೆ ಅಂತ ಗುಬ್ಬಿ ಕೇಳಲಿಲ್ಲ. ನಾಲ್ಕು ಹೆರಿಗೆಯವರ ಮುಂದೆ ಅರ್ಧ ಹೆರಿಗೆಯವಳು ಏನಂತ ಬಾಯಿ ಬಿಡೋದು? ಔಷಧಿ ಅಂಗಡಿಯವರು ತಂಪಿನ ಮುಲಾಮು ಕೊಟ್ಟರು. ಅದು ಅಂಗೈಗೆ ಹತ್ತಿದ್ದಕ್ಕಿಂತ ಗಿರಾಕಿಗಳ ಬಟ್ಟೆಗೆ ಹತ್ತಿದ್ದೇ ಹೆಚ್ಚು.

ಅವಳ ತಲೆ ಮೊಸರುಗಡಿಗೆಯಾಯಿತು. ಒಂದು ಗಳಿಗೆ ಇದು ಏನೂ ಅಲ್ಲ ಅನ್ನಿಸೋದು. ಮರುಗಳಿಗೆ, ಏನೂ ಅಲ್ಲದ್ದು ಇಷ್ಟು ಹೊತ್ತು ಇರುತ್ತಾ ಅನ್ನಿಸೋದು. ಮಗು ಮಾತ್ರ ಮೊದಲಿನ ಹಾಗೇ ಒದೆಯುತ್ತಿತ್ತು, ಇಸ್ತ್ರಿಯ ಹಬೆ ಬುಸ್ ಅಂದಾಗಲಂತೂ ಲಾಗ ಹಾಕುತ್ತಿತ್ತು. ಮಗು ಆಡುತ್ತಿದೆ, ರಕ್ತ ಇಲ್ಲ, ನೀರು ಇಲ್ಲ, ಕಣ್ಣು ಚೆನ್ನಾಗಿ ಕಾಣುತ್ತೆ. ಹಾಗಿದ್ದ ಮೇಲೆ ಫೋನ್ ಮಾಡಿ ಏನಂತ ಹೇಳೋದು? ಒಂದು ದಿನ ಮಧ್ಯಾಹ್ನ ಆಸ್ಪತ್ರೆಯ ನಂಬರ್ ಒತ್ತಿಯೂಬಿಟ್ಟಳು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಒಂದು ಸಲ ಆಡಿ ನೋಡಿದಳು: ನಮಸ್ಕಾರ, ನಾನು ಗಂಜಿ ನೀರಿನವಳು, ಈ ಸಲ ಅಂಗೈ ತುರಿಸ್ತಾ ಇದೆ. ಅತ್ತ ಕಡೆಯವರು ಎತ್ತುವ ಮೊದಲೇ ಇಟ್ಟುಬಿಟ್ಟಳು.

ಗಂಡನನ್ನು ಕೇಳಿದಳು. "ರೀ, ಡಾಕ್ಟರಿಗೆ ತೋರಿಸೋಣ್ವಾ?"

ಅವನು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಯೋಚನೆ ಮಾಡಿದ. ನಿಜವಾಗಿಯೂ ಯೋಚನೆ ಮಾಡಿದ, ಹಣೆ ಗಂಟಿಕ್ಕಿ. "ತೋರಿಸಬೇಕು ಅಂದ್ರೆ ತೋರಿಸೋಣ. ಆದರೆ ಅಮ್ಮ ಹುಡುಕ್ತಾ ಇದಾರಲ್ಲ. ಮಧ್ಯದಲ್ಲಿ ನಾವು ಹೋದರೆ ಅವರಿಗೆ ಹೇಗನ್ನಿಸುತ್ತೋ... ನಿನಗೆ ಏನನ್ಸುತ್ತೆ?"

"ನನಗೆ ಏನನ್ಸುತ್ತೆ ಅಂತ ಗೊತ್ತಿದ್ದಿದ್ರೆ ನಿಮ್ಮನ್ಯಾಕೆ ಕೇಳ್ತಿದ್ದೆ?" ಅಂತ ಗುಬ್ಬಿ ರೇಗಿದಳು. ಅವನು ಪಾಪ, ಅವಳ ಪಾದದ ಕೆಳಗೆ ಇಡಲು ಒಂದು ಸ್ಟೂಲು ತಂದುಕೊಟ್ಟು ಕಾಲರಿಗೆ ವಾಪಸ್ಸು ಹೋದ.

ಸೋಪಿನ ಪುಡಿಯ ನಾಲ್ಕು ದಿನವೂ ಮುಗಿಯಿತು. ಗಂಜಿಯ ಸರದಿ ಬಂತು. ಅಮ್ಮ ಇಡೀ ಲಾಂಡ್ರಿಯಲ್ಲೇ ಗಂಜಿ ನಿಲ್ಲಿಸಿದಳು. ಗಿರಾಕಿಗಳು ಕಾಲರ್ ಮೆತ್ತಗಿದೆ ಅಂತ ಗೊಣಗಿದರು, ಅಳಿಯನ ಮುಖ ಅದಕ್ಕಿಂತ ಮೆತ್ತಗಾಯಿತು. ಮಗಳ ಕೈಗಿಂತ ಕಾಲರ್ ದೊಡ್ಡದಲ್ಲ ಅಂತ ಅಮ್ಮ ಬಂದವರಿಗೆಲ್ಲ ಖಡಾಖಂಡಿತವಾಗಿ ಹೇಳಿ ಕಳಿಸಿದಳು. ಅವಳಿಗೆ ಮಗಳ ಮೇಲೆ ಪ್ರೀತಿ ಇರಲಿಲ್ಲ ಅಂತ ಯಾರಾದರೂ ಅಂದರೆ ನಾನಂತೂ ಸುಮ್ಮನಿರಲ್ಲ. ಪ್ರೀತಿಯೇನೋ ತುಂಬಿ ತುಳುಕುತ್ತಿತ್ತು. ಹುಡುಕುತ್ತಿದ್ದದ್ದು ಮಾತ್ರ ತಪ್ಪು ಜಾಗದಲ್ಲಿ.

ಗಂಜಿ ಬಿಟ್ಟ ನಾಲ್ಕನೆಯ ದಿನ, ಅಂದರೆ ಎಲ್ಲ ಸೇರಿ ಹನ್ನೆರಡನೆಯ ದಿನ, ಬೆಳಿಗ್ಗೆ ಹತ್ತರ ಹೊತ್ತಿಗೆ ಅಂಗಡಿ ಖಾಲಿಯಿತ್ತು. ಗಂಡ ಶಾಲೆಯ ಸಮವಸ್ತ್ರದ ಗಂಟು ತಲುಪಿಸಲು ಹೋಗಿದ್ದ. ಗುಬ್ಬಿ ಕೌಂಟರಿನ ಹಿಂದೆ ಕೂತು ಚಪ್ಪಲಿ ಬಿಟ್ಟು, ಬಟ್ಟೆ ಉಜ್ಜುವ ಗಡಸು ಬ್ರಷ್ಷನ್ನು ನೆಲದ ಮೇಲೆ ಬೋರಲು ಹಾಕಿ, ಅದಕ್ಕೆ ಅಂಗಾಲು ತಿಕ್ಕುತ್ತಿದ್ದಳು. ಕಣ್ಣು ಮುಚ್ಚಿಕೊಂಡಿದ್ದಳು, ಅಷ್ಟು ಹಿತವಾಗಿತ್ತು. ಕಣ್ಣು ಬಿಟ್ಟರೆ ಅಮ್ಮ ಎದುರಿಗೆ ನಿಂತಿದ್ದಳು.

"ಕಾಲಿಗೇನಾಯ್ತೇ?"

"ಅಲ್ಲೂ ತುರಿಸುತ್ತೆ."

"ಯಾವಾಗಿನಿಂದ?"

"ಮೊದಲಿನಿಂದಲೂ. ಕೈಗೆ ಶುರುವಾದಾಗಲೇ."

"ಮತ್ತೆ ಹೇಳಲಿಲ್ವಲ್ಲೇ!"

"ನೀನು ಕೈ ಮಾತ್ರ ಕೇಳಿದೆ," ಅಂದಳು ಗುಬ್ಬಿ. ಅದು ನಿಜವೂ ಹೌದು. ಆ ಮನೆಯಲ್ಲಿ ತುರಿಕೆ ಅಂದರೆ ಕೈ. ಕಾಲಿನ ತುರಿಕೆ ಹೇಳುವಂಥ ವಿಷಯ ಅಂತ ಅವಳಿಗೆ ಹೊಳೆದಿರಲೇ ಇಲ್ಲ.

ಅಮ್ಮ ಬೈಯುತ್ತಾಳೆ ಅಂದುಕೊಂಡಳು. ಅಮ್ಮ ನೋಡಿದರೆ ಹಗುರವಾಗಿಬಿಟ್ಟಳು. ಸ್ಟೂಲು ಎಳೆದುಕೊಂಡು ಕೂತೇಬಿಟ್ಟಳು. "ಹಾಗಾದರೆ ಇದು ಒಗೆಯೋ ಸೋಡಾನೇ ಕಣೇ, ಅನುಮಾನವೇ ಇಲ್ಲ. ನೆಲ ತೊಳೆಯೋಕೆ ತರಿಸಿದ ಈ ಹೊಸ ಪುಡಿಯಲ್ಲಿ ಸೋಡಾ ಬೆರೆಸಿದಾರೆ ಕಳ್ಳರು. ನನಗೂ ಥೇಟ್ ಹೀಗೇ ಆಗಿತ್ತು. ಅಂಗೈ, ಅಂಗಾಲು ಎರಡೂ. ಗುಳ್ಳೆ ಇಲ್ಲ, ಏನಿಲ್ಲ. ಮಲಗಿದರೆ ಪ್ರಾಣ ಹೋಗೋದು. ಆಗೆಲ್ಲ ಸೋಡಾ ನೀರಲ್ಲೇ ನಿಂತು ಒಗೀತಿದ್ವಿ, ಅದು ಕಾಲಿಗೂ ಹತ್ತೋದು. ಹೆರಿಗೆ ಆಗಿ ಕೆಲಸಕ್ಕೆ ಹೋಗದೆ ಮನೇಲಿ ಕೂತೆ ನೋಡು, ಒಂದು ವಾರಕ್ಕೆ ಹೇಳ ಹೆಸರಿಲ್ಲದ ಹಾಗೆ ಹೋಯ್ತು. ಅವತ್ತಿಂದ ಈ ಕೈಯಲ್ಲಿ ಸೋಡಾ ಮುಟ್ಟಿಲ್ಲ. ನಾನು ಈ ಪದ್ಧತಿ ಕಲಿತಿದ್ದೇ ಅಲ್ಲಿ."

ಗುಬ್ಬಿಗೂ ಹಗುರವಾಯಿತು. ಅಬ್ಬಾ, ಅಮ್ಮನಿಗೂ ಆಗಿತ್ತು, ಅಮ್ಮನಿಗೆ ಹೋಗಿತ್ತು. "ನಾನು ಹೊಟ್ಟೇಲಿದ್ದಾಗಲಾ?" ಅಂತ ಕೇಳಿದಳು, ಸುಮ್ಮನೆ ಮಾತಿಗೆ.

"ನೀನಿದ್ದಾಗ ಒಂಚೂರು ಆಗಿತ್ತು, ಪಕ್ಕದವರ ಸೋಡಾ ನೀರು ಸಿಡಿದಿರಬೇಕು. ನೀನೋ ಗಡಿಬಿಡಿಯವಳು, ಒಂದು ತಿಂಗಳು ಮುಂಚೆಯೇ ಹೊರಗೆ ಬಂದುಬಿಟ್ಟೆ. ಇದು ಅದಕ್ಕೂ ಮುಂಚೆ." ಅಮ್ಮ ಬ್ರಷ್ಷನ್ನು ಎತ್ತಿ ಅದರ ಹಲ್ಲಿನಲ್ಲಿ ಸಿಕ್ಕಿದ್ದ ನೂಲು ಬಿಡಿಸಿದಳು. "ಮೊದಲನೆಯದರಲ್ಲಿ."

ಮೊದಲನೆಯದು ಅಂತ ಒಂದಿತ್ತು, ಅದು ಉಳಿಯಲಿಲ್ಲ ಅಂತ ಗುಬ್ಬಿಗೆ ಗೊತ್ತಿತ್ತು. ಯಾವಾಗಲೋ ಅಪ್ಪ ಬದುಕಿದ್ದಾಗ ಒಂದು ಸಲ ಬಾಯಿಬಿಟ್ಟಿದ್ದು. ಅಮ್ಮನ ಬಾಯಲ್ಲಿ ಅದು ಬಂದದ್ದೇ ಇಲ್ಲ.

"ಅದಕ್ಕೇನಾಗಿತ್ತಮ್ಮ?"

"ಏನಾಗಿತ್ತು ಅಂದ್ರೆ? ಏನೂ ಆಗಿರಲಿಲ್ಲ. ಇವತ್ತು ಚೆನ್ನಾಗೇ ಒದೀತಿತ್ತು, ನಾಳೆ ಇಲ್ಲ. ಒಂಬತ್ತು ತುಂಬೋಕೆ ಹತ್ತು ದಿನ ಇತ್ತು. ಹಣೇಲಿ ಬರೆದಿರಲಿಲ್ಲ, ಹೋಯ್ತು." ಅಮ್ಮ ಎದ್ದಳು. "ಆ ಹೊಸ ಪುಡಿ ಚೀಲ ಇವತ್ತೇ ವಾಪಸ್ ಕಳಿಸ್ತೀನಿ. ನಾಲ್ಕು ದಿನ ನೋಡು, ಹೋಗದಿದ್ದರೆ ಕೇಳು." ಹೇಳಿ ಹಿಂದಿನ ಕೋಣೆಗೆ ಹೋದಳು. ಅಲ್ಲಿ ಪುಡಿಯ ಚೀಲ ದರದರ ಎಳೆಯುವ ಸದ್ದು ಕೇಳಿಸಿತು.

ಗುಬ್ಬಿ ಕೂತಲ್ಲೇ ಕೂತಳು. ಅವಳೇನು ಓದಿದವಳಲ್ಲ, ಡಾಕ್ಟರೂ ಅಲ್ಲ. ಅಮ್ಮನಿಗೆ ಅಂಗೈ, ಅಂಗಾಲು ತುರಿಸಿತ್ತು. ಅಮ್ಮನ ಮಗು ಹೋಗಿತ್ತು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಳು. ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ? ಏನೂ ಇಲ್ಲದಿರಬಹುದು. ಅದೇ ವಾರ ಅಮ್ಮನಿಗೆ ನೆಗಡಿಯೂ ಆಗಿದ್ದಿರಬಹುದು, ಹಲ್ಲು ನೋವೂ ಬಂದಿದ್ದಿರಬಹುದು. ಮೂವತ್ತೊಂದು ವರ್ಷದಿಂದ ಅಮ್ಮ ಆ ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿಲ್ಲ, ಕಲೆಯ ಕುಲ ಗೋತ್ರ ಹೇಳುವ ಅಮ್ಮ! ಅಮ್ಮನಿಗೆ ಕಾಣದ್ದು ನನಗೆ ಕಂಡೀತಾ? ಹೊಟ್ಟೆಯೊಳಗೆ ಮಗು ಒಂದು ಸಲ ಹೊರಳಿತು. ಇವತ್ತು ಚೆನ್ನಾಗೇ ಒದೀತಿತ್ತು ಅಂದಳಲ್ಲ ಅಮ್ಮ. ಚೆನ್ನಾಗೇ.

ಅಮ್ಮನನ್ನು ಕರೆದು ಕೇಳೋಣವೆಂದರೆ ಏನಂತ ಕೇಳೋದು? ನಿನ್ನ ತುರಿಕೆಗೂ ನಿನ್ನ ಮಗುವಿಗೂ ನಂಟಿತ್ತಾ ಅಂತ ಯಾವ ಬಾಯಲ್ಲಿ ಕೇಳೋದು? ಇಲ್ಲ ಅಂದರೆ ಸುಮ್ಮನೆ ಗಾಯ ಕೆದಕಿದ ಹಾಗೆ. ಹೌದು ಅಂದರೆ ಅಮ್ಮ ಆಮೇಲೆ ಬದುಕೋದು ಹೇಗೆ?

ಫೋನ್ ತೆಗೆದುಕೊಂಡು ಬೀದಿ ಬಾಗಿಲಿಗೆ ಬಂದಳು. ನಗಲಿ, ಬಿದ್ದು ಬಿದ್ದು ನಗಲಿ ಅಂದುಕೊಂಡು ನಂಬರ್ ಒತ್ತಿದಳು.

ಎತ್ತಿದ್ದು ಅದೇ ನರ್ಸಮ್ಮ! ಹೆಸರು ಹೇಳುತ್ತಿದ್ದ ಹಾಗೇ, "ಓ, ಲಾಂಡ್ರಿಯವರಾ! ಇವತ್ತೇನು, ನೀಲಿ ನೀರಾ?" ಅಂದಳು. ಗುಬ್ಬಿಯ ಹೆಬ್ಬೆರಳು ಕೆಂಪು ಗುಂಡಿಯ ಮೇಲೆ ಹೋಗಿತ್ತು. ಹೇಗೆ ತಡೆದಳೋ.

"ಅಂಗೈ ತುರಿಸುತ್ತೆ," ಅಂದಳು. "ಅಂಗಾಲೂ."

ಅತ್ತ ನಗು ನಿಂತಿತು. "ಗುಳ್ಳೆ ಇದೆಯಾ?"

"ಇಲ್ಲ."

"ರಾತ್ರಿ ಹೆಚ್ಚಾಗುತ್ತಾ?"

"ನಿದ್ದೆ ಮಾಡಿ ಎಷ್ಟು ದಿನ ಆಯ್ತೋ."

"ಮೂತ್ರ ಯಾವ ಬಣ್ಣ?"

"ಗಾಢವಾಗಿದೆ. ನೀರು ಕಮ್ಮಿ ಕುಡೀತೀನಿ ಅದಕ್ಕೆ ಅಂತ..."

"ಎಷ್ಟು ದಿನದಿಂದ ಈ ತುರಿಕೆ?"

"ಹನ್ನೆರಡು."

"ಹನ್ನೆರಡು ದಿನ ಯಾಕಮ್ಮಾ ಫೋನ್ ಮಾಡಲಿಲ್ಲ?"

"ನೀವು ನಗ್ತೀರಿ ಅಂತ," ಅಂದುಬಿಟ್ಟಳು ಗುಬ್ಬಿ. ಅಂದಮೇಲೆ ಅಳು ಬಂತು.

"ನಕ್ಕಿದ್ದು ನನ್ನ ತಪ್ಪು," ಅಂತು ಆ ಕಡೆಯ ದನಿ. "ಈಗ ಸರಿಯಾಗಿ ಕೇಳಿಸ್ಕೊಳ್ಳಿ. ಊಟ ಮಾಡ್ಕೊಂಡು ಬರ್ತೀನಿ, ನಾಳೆ ಬರ್ತೀನಿ ಅನ್ನಬೇಡಿ. ಈಗಲೇ ಹೊರಡಿ. ರಕ್ತ ಪರೀಕ್ಷೆ ಮಾಡಬೇಕು. ನಾನೇ ಬಾಗಿಲಲ್ಲಿರ್ತೀನಿ."

ಗಂಡ ಬರುವಷ್ಟರಲ್ಲಿ ಗುಬ್ಬಿ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಈ ಸಲ ಅವನು "ಅಮ್ಮನ್ನ ಕೇಳು" ಅನ್ನಲಿಲ್ಲ. ಅವಳ ಮುಖ ನೋಡಿ ಸೀದಾ ಹೋಗಿ ಆಟೋ ನಿಲ್ಲಿಸಿದ. ಹಿಂದಿನ ಕೋಣೆಯಿಂದ ಅಮ್ಮ ಬಂದಳು. "ಸೋಡಾಕ್ಕೆ ಆಸ್ಪತ್ರೆಯಾ? ಹುಚ್ಚು ಹಿಡಿದಿದೆಯಾ ನಿಮಗೆ?" ಅಂದಳು. "ಇರಿ, ನಾನೂ ಬರ್ತೀನಿ. ಅವರಿಗೇನು ಗೊತ್ತು ಪುಡಿಯ ವಿಷಯ. ಇಲ್ಲದ ಔಷಧಿ ಎಲ್ಲ ಕೊಟ್ಟುಬಿಡ್ತಾರೆ." ಬ್ಲೀಚಿಂಗ್ ಪೌಡರ್, ಸೋಪಿನ ಪುಡಿ, ಗಂಜಿ, ಹೊಸ ಚೀಲದ ಪುಡಿ, ಎಲ್ಲದರಲ್ಲೂ ಒಂದೊಂದು ಚಮಚ ಕಾಗದದಲ್ಲಿ ಪೊಟ್ಟಣ ಕಟ್ಟಿ, ಮೇಲೆ ಹೆಸರು ಬರೆದು, ಚೀಲಕ್ಕೆ ಹಾಕಿಕೊಂಡೇ ಆಟೋ ಹತ್ತಿದಳು. ಬೇಡ ಅನ್ನೋಕೆ ಗುಬ್ಬಿಗೆ ಬಾಯಿ ಬರಲಿಲ್ಲ. ಬೇಡ ಅಂದರೆ ಯಾಕೆ ಬೇಡ ಅಂತ ಹೇಳಬೇಕಲ್ಲ.

ರಕ್ತ ತೆಗೆದರು. ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತ ಕೇಳಿಸಿದರು. ಕುದುರೆ ಓಡಿದ ಹಾಗೆ ಓಡುತ್ತಿತ್ತು. "ಮಗು ಈಗ ಚೆನ್ನಾಗಿದೆ," ಅಂದಳು ನರ್ಸಮ್ಮ. ಈಗ ಅನ್ನುವ ಆ ಒಂದು ಮಾತು ಗುಬ್ಬಿಯ ಕಿವಿಯಲ್ಲೇ ಕೂತುಬಿಟ್ಟಿತು. ಸಂಜೆ ನಾಲ್ಕರವರೆಗೆ ಕಾದರು. ಅಷ್ಟು ಹೊತ್ತೂ ಅಮ್ಮ ಬೆಂಚಿನ ಮೇಲೆ ಪೊಟ್ಟಣಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ಯಾರಾದರೂ ಕೇಳಿಯಾರು ಅಂತ.

ಡಾಕ್ಟರಮ್ಮ ಬಂದರು. ವಯಸ್ಸು ಗುಬ್ಬಿಯಷ್ಟೇ ಇರಬೇಕು, ಕಣ್ಣಲ್ಲಿ ನಿದ್ದೆಯಿತ್ತು. ಅಮ್ಮ ಎದ್ದು ನಿಂತು ಶುರು ಮಾಡಿದಳು. ಯಾವ ಪುಡಿ ಯಾವತ್ತು ಬಿಡಿಸಿದ್ದು, ಯಾವುದು ಉಳಿದಿದೆ, ಎಲ್ಲ ಹೇಳಿದಳು. ಡಾಕ್ಟರಮ್ಮ ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು: "ಪುಡಿಯಿಂದ ಅಲ್ಲಮ್ಮ ಇದು. ಬಸಿರಿನಲ್ಲಿ ಕೆಲವರಿಗೆ ಲಿವರ್ ಸರಿಯಾಗಿ ಕೆಲಸ ಮಾಡಲ್ಲ, ಪಿತ್ತ ರಕ್ತಕ್ಕೆ ಸೇರುತ್ತೆ. ಅದಕ್ಕೇ ಈ ತುರಿಕೆ. ತಾಯಿಗೆ ತುರಿಕೆ ಅಷ್ಟೇ, ಹೆರಿಗೆ ಆದ ಮೇಲೆ ತಾನಾಗೇ ಹೋಗುತ್ತೆ. ಆದರೆ ಪಿತ್ತ ಹೆಚ್ಚಾದಷ್ಟೂ ಮಗುವಿಗೆ ಅಪಾಯ. ಚೆನ್ನಾಗೇ ಇರೋ ಮಗು ಇದ್ದಕ್ಕಿದ್ದ ಹಾಗೆ ಹೊಟ್ಟೆಯಲ್ಲೇ ಹೋಗಿಬಿಡಬಹುದು. ಇವರಿಗೆ ತುಂಬಾ ಹೆಚ್ಚಿದೆ. ಇವತ್ತೇ ಅಡ್ಮಿಟ್ ಆಗಲಿ. ಮೂರು ದಿನಕ್ಕೆ ಮೂವತ್ತಾರು ವಾರ ತುಂಬುತ್ತೆ, ಅವತ್ತೇ ಹೆರಿಗೆ ಮಾಡಿಸೋಣ. ಬಂದದ್ದು ಒಳ್ಳೇದಾಯ್ತು."

ಗಂಡ ಗುಬ್ಬಿಯ ಭುಜ ಹಿಡಿದುಕೊಂಡ. ಗುಬ್ಬಿ ನೋಡುತ್ತಿದ್ದದ್ದು ಅಮ್ಮನನ್ನು. ಅಮ್ಮ ಡಾಕ್ಟರಮ್ಮನ ಬಾಯಿಯನ್ನೇ ನೋಡುತ್ತಿದ್ದಳು. ಇನ್ನೂ ಮಾತು ಮುಗಿದಿಲ್ಲ, ಇನ್ನೇನೋ ಹೇಳುತ್ತಾರೆ ಅನ್ನುವ ಹಾಗಿತ್ತು ಮುಖ.

"ಇದು ಮನೆತನದಲ್ಲಿ ಬರೋದುಂಟು," ಅಂತ ಡಾಕ್ಟರಮ್ಮ ಕಾಗದ ತೆಗೆದರು. "ನಿಮ್ಮ ತಾಯಿಗೇನಾದರೂ ಆಗಿತ್ತಾ?"

"ಇಲ್ಲ," ಅಂದಳು ಗುಬ್ಬಿ, ಪ್ರಶ್ನೆ ಮುಗಿಯುವ ಮೊದಲೇ. ಹುಟ್ಟಿದಾಗಿನಿಂದ ಅವಳು ಯಾವ ಪ್ರಶ್ನೆಗೂ ಅಷ್ಟು ಬೇಗ ಉತ್ತರ ಕೊಟ್ಟವಳಲ್ಲ.

"ಆಗಿತ್ತು," ಅಂದಳು ಅಮ್ಮ.

"ಅಮ್ಮಾ..."

"ಸುಮ್ಮನಿರೇ. ಬರೆದುಕೊಳ್ಳಿ ಡಾಕ್ಟ್ರೇ." ಅಮ್ಮನ ದನಿ ಗಿರಾಕಿಗಳಿಗೆ ಲೆಕ್ಕ ಒಪ್ಪಿಸುವಾಗಿನ ಹಾಗೇ ಇತ್ತು. "ಎರಡು ಸಲ ಆಗಿತ್ತು. ಇವಳು ಎರಡನೆಯವಳು. ಮೊದಲನೆಯದೂ ಹುಡುಗಿ. ಅಂಗೈ, ಅಂಗಾಲು ತುರಿಸಿತ್ತು, ಹದಿನೆಂಟು ದಿನ. ಆಮೇಲೆ ಹೊಟ್ಟೆಯಲ್ಲೇ ಹೋಯ್ತು." ಬೆಂಚಿನ ಮೇಲೆ ಕೂತಳು. ಕೂತಮೇಲೆ ಕೇಳಿದಳು, "ಆವಾಗ ನಾನು ಯಾರನ್ನಾದರೂ ಕೇಳಿದ್ದಿದ್ದರೆ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಆವಾಗ ಈ ಪರೀಕ್ಷೆ ಎಲ್ಲ ಕಡೆ ಇರಲಿಲ್ಲಮ್ಮ. ಕೇಳಿದ್ದರೂ ಹೇಳೋರು ಇರ್ತಿದ್ರೋ ಇಲ್ವೋ. ನಿಜವಾಗಿ ನನಗೆ ಗೊತ್ತಿಲ್ಲ."

ಸುಳ್ಳಾದರೂ ಹೇಳಬಾರದಿತ್ತಾ ಅನ್ನಿಸಿತು ಗುಬ್ಬಿಗೆ. ಹೇಳದೇ ಇದ್ದದ್ದೇ ಸರಿ ಅಂತಲೂ ಅನ್ನಿಸಿತು. ಯಾವುದು ಸರಿಯೋ ಅವಳಿಗೆ ಇವತ್ತಿಗೂ ತಿಳಿದಿಲ್ಲ.

ಆ ಮೂರು ದಿನ ಅಮ್ಮ ಲಾಂಡ್ರಿಯ ಬಾಗಿಲು ತೆಗೆಯಲಿಲ್ಲ. ವಾರ್ಡಿನಲ್ಲಿ ಮಗಳ ಮಂಚದ ಪಕ್ಕ ಕೂತು, ಒದ್ದೆ ಬಟ್ಟೆ ಹಿಂಡಿ ಅವಳ ಅಂಗೈಗೂ ಅಂಗಾಲಿಗೂ ಸುತ್ತುತ್ತಿದ್ದಳು, ಬಿಸಿಯಾದರೆ ಬದಲಾಯಿಸುತ್ತಿದ್ದಳು. ಮಾತಾಡಿದರೆ ನರ್ಸಮ್ಮನ ಹತ್ತಿರ, ಅದೂ ಒಂದೇ ಪ್ರಶ್ನೆ, ಗಂಟೆಗೊಂದು ಸಲ: "ಎದೆಬಡಿತ ಕೇಳಿಸ್ತಾ ಇದೆಯಾ?" ನರ್ಸಮ್ಮ ಪ್ರತಿ ಸಲವೂ ಬಂದು ಕೇಳಿಸಿದಳು. ಒಂದು ಸಲವೂ ನಗಲಿಲ್ಲ.

ಮೂರನೆಯ ದಿನ ಸಂಜೆ ಮಗು ಹುಟ್ಟಿತು. ಎರಡು ಕಿಲೋ ಮುನ್ನೂರು ಗ್ರಾಂ, ಹೆಣ್ಣು. ಕಿರುಚಿದ್ದು ಮಾತ್ರ ನಾಲ್ಕು ಕಿಲೋ ಮಗುವಿನಷ್ಟು. ಕಾರಿಡಾರಿನಲ್ಲಿ ನಿಂತಿದ್ದ ಇಸ್ತ್ರಿಯವನು ಆ ದನಿಗೇ ಗೋಡೆಗೊರಗಿ ಕುಸಿದು ಕೂತನಂತೆ, ಅವನಿಗೆ ನೀರು ಕೊಡೋಕೆ ಇನ್ನೊಬ್ಬರು ಬೇಕಾಯಿತಂತೆ.

ಮಗುವನ್ನು ಒರೆಸಿ ಬಟ್ಟೆ ಸುತ್ತಿ ತಂದಾಗ ಗುಬ್ಬಿಗೆ ಕೈ ಎತ್ತಲು ಆಗುತ್ತಿರಲಿಲ್ಲ. "ಅಮ್ಮನ ಕೈಗೆ ಕೊಡಿ," ಅಂದಳು. ಅಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ನನ್ನ ಕೈಗೆ ಬೇಡ," ಅಂದಳು.

"ತಗೋ ಅಮ್ಮ."

ಅಮ್ಮ ತೆಗೆದುಕೊಂಡಳು. ಒಂದು ಅಂಗೈ ತಲೆಯ ಕೆಳಗೆ, ಇನ್ನೊಂದು ಅಂಗೈ ಬೆನ್ನ ಕೆಳಗೆ. ಮಗು ಅಷ್ಟಗಲ ಬಾಯಿ ತೆರೆದು ಅಳುತ್ತಲೇ ಇತ್ತು. ನರ್ಸಮ್ಮ, ಸ್ವಲ್ಪ ಎದೆಗೆ ಅವುಚಿಕೊಳ್ಳಿ, ಸುಮ್ಮನಾಗುತ್ತೆ ಅಂದಳು.

"ಬೇಡ, ಅಳಲಿ ಬಿಡಿ," ಅಂದಳು ಅಮ್ಮ. ಅವಳ ಕಣ್ಣಿನಿಂದ ನೀರು ಇಳಿದು ಮಗುವಿನ ಬಟ್ಟೆಯ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. "ಅದೂ ಇಷ್ಟೇ ಇತ್ತು ಕಣೇ ಗುಬ್ಬಿ. ಹೀಗೇ ಇತ್ತು ಮೂಗು. ಅಳಲಿಲ್ಲ, ಅಷ್ಟೇ."